ನಕ್ಷೆ ಆಟದ ನೀಲಿ ಬಣ್ಣದ ಕುರಿತು

ಇಂದ,
ಭಾನುಪ್ರಿಯಾ ಹೆಚ್.ಆರ್.
ತಂದೆ: ರಂಗಪ್ಪ, ಹಾರನಹಳ್ಳಿ
ಟೈಪಿಂಗ್ ಮತ್ತು ಜೆರಾಕ್ಸ್ ಕೆಲಸ, ಯಂತ್ರ ಸಂಖ್ಯೆ 2
ಶ್ರೀನಿಧಿ ಕಂಪ್ಯೂಟರ್ ಸೆಂಟರ್, ಅರಸೀಕೆರೆ

ಗೆ,
ಶ್ರೀ ನಂಜುಂಡಯ್ಯನವರು, ಮಾಲೀಕರು
ಅದೇ ಸೆಂಟರ್, ಪ್ಲೈವುಡ್ ಗೋಡೆಯ ಆಚೆ ಬದಿ

ದಿನಾಂಕ: 16-10-2004

ವಿಷಯ: ನಕ್ಷೆ ಆಟದ ಬಗ್ಗೆ ಆಡುವವರ ಅಭಿಪ್ರಾಯ ಸಲ್ಲಿಸುವ ಕುರಿತು, ಹಳೇಬೀಡು ಶಾಖೆಯ ಉಸ್ತುವಾರಿಗೆ ನನ್ನನ್ನು ಪರಿಗಣಿಸುವ ಕುರಿತು, ಹಾಗೂ ಇವೆರಡಕ್ಕೂ ಸಂಬಂಧಪಟ್ಟ ಒಂದು ಸಂಗತಿಯ ಕುರಿತು.

ಉಲ್ಲೇಖ:
1. ತಮ್ಮ ಸುತ್ತೋಲೆ ಸಂಖ್ಯೆ 11, ದಿನಾಂಕ 9-10-2004 (ಬಾಗಿಲ ಹಿಂದೆ ಅಂಟಿಸಿದ್ದು)
2. ತಮ್ಮ ಸುತ್ತೋಲೆ ಸಂಖ್ಯೆ 4 (ಅದರ ಕೆಳಗೆ ಅಂಟಿಸಿದ್ದು)
3. ತಾವು ದಿನಾಂಕ 7-10-2004ರ ಮಧ್ಯಾಹ್ನ ಕೌಂಟರಿನ ಬಳಿ ನಿಂತು ಆಡಿದ ಮಾತು

ಮಾನ್ಯರೇ,

ತಾವು ಮೂವತ್ತೊಂದು ವರ್ಷ ಕಚೇರಿಯೊಂದರಲ್ಲಿ ಟೈಪಿಸ್ಟರಾಗಿದ್ದು ನಿವೃತ್ತರಾದ ಕಾರಣ, ಈ ಸೆಂಟರಿನಲ್ಲಿ ಬಾಯಲ್ಲಿ ಕೇಳಿದ್ದು ಯಾವುದೂ ಮಂಜೂರಾಗುವುದಿಲ್ಲ. ರಜೆಗೆ ಅರ್ಜಿ, ಪೆನ್ನಿನ ರೀಫಿಲ್ಲಿಗೆ ಅರ್ಜಿ, ಫ್ಯಾನು ನನ್ನ ಕಡೆ ತಿರುಗಿಸಲು ಅರ್ಜಿ. ಇದು ಕಷ್ಟವೆಂದು ಬಂದವರೆಲ್ಲ ಆಡಿಕೊಳ್ಳುತ್ತಾರೆ. ನನಗೆ ಮಾತ್ರ ಅನುಕೂಲವಾಗಿದೆ. ಎದುರಿಗೆ ನಿಂತು ಮಾತಾಡುವುದು ನನ್ನಿಂದ ಆಗದ ಕೆಲಸ. ಎರಡು ವರ್ಷ ನಾಲ್ಕು ತಿಂಗಳಲ್ಲಿ ಇಪ್ಪತ್ತಾರು ಅರ್ಜಿ ಸಲ್ಲಿಸಿದ್ದೇನೆ. ಕಿಟಕಿ ಪರದೆಯದೊಂದು ಮಾತ್ರ ಪರಿಶೀಲನೆಯಲ್ಲಿದೆ. ಇದು ಇಪ್ಪತ್ತೇಳನೆಯದು.

ಸುತ್ತೋಲೆ 11ರಲ್ಲಿ ಎರಡು ಅಂಶಗಳಿವೆ. ಒಂದು, ‘ನಕ್ಷೆ ಆಟದಲ್ಲಿ ಕಂಪ್ಯೂಟರ್ ಮೋಸ ಮಾಡುತ್ತಿರುವುದು ಕಂಡುಬಂದಿರುವುದರಿಂದ’ ಅದನ್ನು ಆಯುಧಪೂಜೆಯೊಳಗೆ ಮೂರೂ ಯಂತ್ರಗಳಿಂದ ತೆಗೆಯುವುದು, ತೆಗೆಯುವ ಮುಂಚೆ ಆಡುವವರೆಲ್ಲರ ಅಭಿಪ್ರಾಯ ಪಡೆದು ಏಳು ದಿನದಲ್ಲಿ ನಾನು ವರದಿ ಕೊಡುವುದು. ಎರಡು, ಹಳೇಬೀಡಿನಲ್ಲಿ ವಿಜಯದಶಮಿಗೆ ತೆರೆಯುವ ಶಾಖೆಯ ಉಸ್ತುವಾರಿಗೆ ಕನಿಷ್ಠ ಪಿಯುಸಿ ಆಗಿರಬೇಕೆಂದೂ, ತಮ್ಮ ತಂಗಿಯ ಮಗ ಚಿ. ಹೇಮಂತನ ಹೆಸರು ಪರಿಶೀಲನೆಯಲ್ಲಿದೆಯೆಂದೂ, ಆಕ್ಷೇಪಣೆ ಇದ್ದವರು ಬರೆದು ಕೊಡಬೇಕೆಂದೂ ಇದೆ. ಸೆಂಟರಿನಲ್ಲಿ ತಾವು, ನಾನು, ಶನಿವಾರ ಶನಿವಾರ ಬರುವ ಹೇಮಂತ್ ಬಿಟ್ಟರೆ ನಾಲ್ಕನೆಯವರಿಲ್ಲ. ಆದ್ದರಿಂದ ಸದರಿ ಆಕ್ಷೇಪಣೆ ಯಾರಿಂದ ಬರಬಹುದೆಂದು ತಾವು ಎಣಿಸಿದ್ದಿರೋ ತಿಳಿಯದು. ನನ್ನಿಂದ ಬಂದಿದೆ.

ಮೊದಲು ಅಭಿಪ್ರಾಯಗಳು. ಕಡತವನ್ನು ಮುಂದೆ ಯಾರಾದರೂ ನೋಡಿದರೆ ಗೊತ್ತಾಗಲೆಂದು ಆಟದ ವಿವರ ಬರೆಯುತ್ತೇನೆ. ಪರದೆಯ ತುಂಬ ಭೂಪಟ. ಪ್ರತಿ ದೇಶದೊಳಗೆ ಒಂದು ಅಂಕಿ, ಅಷ್ಟು ಮಂದಿ ಸೈನಿಕರು. ಸುಮ್ಮನೆ ಕೂತಿದ್ದರೂ ಅಂಕಿ ತಾನಾಗಿ ಏರುತ್ತದೆ. ಮೌಸಿನಲ್ಲಿ ಎಳೆದು ಪಕ್ಕದ ದೇಶದೊಳಕ್ಕೆ ಬಿಟ್ಟರೆ ಹೆಚ್ಚು ಮಂದಿ ಇರುವವರು ಗೆಲ್ಲುತ್ತಾರೆ. ಕೆಂಪು, ನೀಲಿ, ಹಳದಿ, ಹಸಿರು ಎಂದು ನಾಲ್ಕು ಬಣ್ಣ. ಇವರಾದ ಮೇಲೆ ಅವರು ಎಂಬ ಸರದಿಯಿಲ್ಲ. ಎಲ್ಲರೂ ಒಟ್ಟಿಗೇ ಆಡುತ್ತಿರಬೇಕು. ಜನ ಸಿಗದ ಬಣ್ಣವನ್ನು ಯಂತ್ರವೇ ಆಡುತ್ತದೆ. ಮೂರು ಯಂತ್ರಗಳಿಗೂ ಪ್ರಿಂಟರಿಗಾಗಿ ಒಂದೇ ವೈರು ಎಳೆದಿರುವುದರಿಂದ, ಒಂದು ಯಂತ್ರದವರು ಇನ್ನೊಂದು ಯಂತ್ರದವರ ಮೇಲೆ ಒಂದೇ ನಕ್ಷೆಯಲ್ಲಿ ಆಡಬಹುದು. ಇದು ಗೋಡೆಯ ಈ ಬದಿಯವರಿಗೆಲ್ಲ ಗೊತ್ತಿರುವ ವಿಷಯ.

1 ಮತ್ತು 2. ಶ್ರೀ ಲಕ್ಕಪ್ಪ, ಕೊಬ್ಬರಿ ವ್ಯಾಪಾರ. ಶ್ರೀ ತಿಮ್ಮಯ್ಯ, ರೈಲ್ವೆಯಲ್ಲಿ ಪಾಯಿಂಟ್ಸ್‌ಮನ್ ಆಗಿ ನಿವೃತ್ತರು. ಇವರಿಬ್ಬರ ಅಭಿಪ್ರಾಯ ಒಂದೇ ಘಟನೆಯಿಂದ ಹುಟ್ಟಿರುವ ಕಾರಣ ಒಟ್ಟಿಗೆ ಬರೆಯಲಾಗಿದೆ.

ತಾವು ಬ್ಯಾಂಕಿಗೆ ಹೋಗಿದ್ದ ದಿನ ಇಬ್ಬರೂ ಟೈಪಿಂಗಿಗೆ ಬಂದು, ಪ್ರಿಂಟರ್ ಬಿಸಿಯಾಗಲೆಂದು ಕಾಯುತ್ತ ಆಟಕ್ಕೆ ಕೂತರು. ಲಕ್ಕಪ್ಪನವರು ಕೆಂಪು, ತಿಮ್ಮಯ್ಯನವರು ಹಸಿರು. ನನ್ನ ಕುರ್ಚಿ ತಿಮ್ಮಯ್ಯನವರಿಗೆ ಕೊಟ್ಟು ನಾನು ನಿಂತೆ. ಅರಬ್ ದೇಶದ ಹತ್ತಿರ ಇಬ್ಬರ ಗಡಿ ಕೂಡಿತು. ಇವರು ಇಪ್ಪತ್ತು ಮಂದಿ ಬಿಟ್ಟರೆ ಅವರು ಇಪ್ಪತ್ತು ಮಂದಿ ಬಿಡುತ್ತಾರೆ, ಯಾರೂ ಉಳಿಯುವುದಿಲ್ಲ. ಸ್ವಲ್ಪ ಹೊತ್ತು ನೋಡಿ ಲಕ್ಕಪ್ಪನವರು ಹೆಗಲ ಮೇಲಿನ ಟವೆಲ್ ತೆಗೆದು, “ಹಿಂಗೆ ಕಿತ್ತಾಡ್ತಾ ಕುಂತ್ರೆ ಇಬ್ರೂ ಕೆಡ್ತೀವಿ. ಕೈ ಕೊಡು ತಿಮ್ಮಣ್ಣ” ಎಂದರು.

ದನದ ಜಾತ್ರೆಯಲ್ಲಿ ಎತ್ತಿನ ಬೆಲೆ ಕಟ್ಟುವುದು ಹೀಗೆಯೇ. ಟವೆಲಿನೊಳಗೆ ಕೈ ಇಟ್ಟು, ಬೆರಳು ಹಿಡಿದು, ಸುತ್ತ ನಿಂತವರಿಗೆ ತಿಳಿಯದ ಹಾಗೆ. ಇಲ್ಲಿ ಸುತ್ತ ನಿಂತವಳು ನಾನೊಬ್ಬಳೇ. ಲಕ್ಕಪ್ಪನವರು ಮೂರು ಬೆರಳು ಹಿಡಿದರೆಂದು ತೋರುತ್ತದೆ, ತಿಮ್ಮಯ್ಯನವರು ತಲೆ ಅಲ್ಲಾಡಿಸಿ ಒಂದನ್ನು ಮಡಚಿದರು. ಬೆಲೆ ಕಟ್ಟುವಾಗ ಮುಖ ಮುಖ ನೋಡಬಾರದೆಂಬ ಪದ್ಧತಿ ಇರುವುದರಿಂದ ಒಬ್ಬರು ಜಂತಿ ನೋಡುತ್ತಿದ್ದರು, ಒಬ್ಬರು ಕ್ಯಾಲೆಂಡರ್ ನೋಡುತ್ತಿದ್ದರು. ಪರದೆಯನ್ನು ಯಾರೂ ನೋಡುತ್ತಿರಲಿಲ್ಲ. ಇಬ್ಬರ ಬಲಗೈಯೂ ಟವೆಲಿನೊಳಗಿದ್ದ ಕಾರಣ ಎರಡು ಮೌಸೂ ಖಾಲಿ ಬಿದ್ದಿದ್ದವು.

ಅಲ್ಲಿಯವರೆಗೆ ಬ್ರೆಜಿಲಿನಲ್ಲಿ ಬಾಯಿ ಮುಚ್ಚಿಕೊಂಡಿದ್ದ ಹಳದಿ ಆಫ್ರಿಕಾ ದಾಟಿ ಬಂತು. ನಾನು ನೋಡಿದೆ. ಆದರೆ ಹಿರಿಯರು ಬೆರಳು ಹಿಡಿದಿರುವಾಗ ನಡುವೆ ಬಾಯಿ ಹಾಕಬಾರದು. ಮೇಲಾಗಿ ನನ್ನದು ಬಾಯಿ ಹಾಕುವ ಸ್ವಭಾವವಲ್ಲ. ಈಜಿಪ್ಟು ಲಕ್ಕಪ್ಪನವರಿಗೆ, ಅರಬ್ ದೇಶ ಮತ್ತು ಪರ್ಷಿಯಾ ತಿಮ್ಮಯ್ಯನವರಿಗೆ, ಸೂಡಾನ್ ಇಬ್ಬರಿಗೂ ಸೇರಿದ ಗೋಮಾಳ ಎಂದು ತೀರ್ಮಾನವಾಗಿ ಟವೆಲ್ ತೆಗೆದಾಗ, ಸದರಿ ದೇಶಗಳಲ್ಲಿ ಒಂದೂ ಇಬ್ಬರ ಬಳಿಯೂ ಇರಲಿಲ್ಲ.

ಲಕ್ಕಪ್ಪನವರ ಅಭಿಪ್ರಾಯ: “ಎರಡು ಮಾತಾಡೋಗಂಟ ತಡಕಳಕ್ಕಾಗಲ್ಲ ಅಂದ್ರೆ ಅಂಥ ದೇಶ ಕಟ್ಕೊಂಡು ಏನ್ ಮಾಡ್ತೀಯವ್ವ? ಮಾನ ಇಲ್ದ ಆಟ ಇದು.” ಆಮೇಲೆ ನಾಲ್ಕು ಸಲ ಬಂದಿದ್ದಾರೆ. ಟವೆಲ್ ಮನೆಯಲ್ಲಿ ಬಿಟ್ಟು ಬರುತ್ತಾರೆ.

ತಿಮ್ಮಯ್ಯನವರ ಅಭಿಪ್ರಾಯ: ಒಂದು ಗಾಡಿ ಸೆಕ್ಷನ್ ಬಿಟ್ಟು ಹೋಗುವ ತನಕ ಇನ್ನೊಂದನ್ನು ಒಳಗೆ ಬಿಡುವುದು ರೈಲ್ವೆಯಲ್ಲಿ ಅಪರಾಧ. ಈ ಆಟದಲ್ಲಿ ಒಂದೇ ದೇಶಕ್ಕೆ ಎರಡು ಕಡೆಯಿಂದ ದಂಡು ನುಗ್ಗುತ್ತದೆ, ಗೇಟು ಹಾಕುವವರೇ ಇಲ್ಲ. ಆಟ ಇರಲಿ, ಆದರೆ ಗಡಿಗೊಬ್ಬ ಮನುಷ್ಯನನ್ನು ನೇಮಿಸಬೇಕು.

3. ಶ್ರೀಮತಿ ಅನುಸೂಯಮ್ಮ, ನಮ್ಮೂರಿನ ಬಾಲವಾಡಿ ಟೀಚರ್. ಹಾಜರಿ ಪಟ್ಟಿ ಜೆರಾಕ್ಸ್ ಮಾಡಿಸಲು ಬಂದವರು. ಆಫ್ರಿಕಾದ ಪಕ್ಕ ಒಂದು ದೊಡ್ಡ ದ್ವೀಪವಿದೆ, ಅದನ್ನು ಹಿಡಿದರು. ಹಿಡಿದು ಕೂತರು. ಒಂದು ಗಂಟೆ ಹತ್ತು ನಿಮಿಷ ಯಾರ ಮೇಲೂ ಒಬ್ಬ ಸೈನಿಕನನ್ನೂ ಬಿಡಲಿಲ್ಲ. ಅಂಕಿ ಏರಿ ಏರಿ ಒಂಬತ್ತು ಸಾವಿರದ ಒಂಬೈನೂರ ತೊಂಬತ್ತೊಂಬತ್ತಕ್ಕೆ ನಿಂತುಹೋಯಿತು. ಮಿಕ್ಕ ಪ್ರಪಂಚವನ್ನೆಲ್ಲ ಗೆದ್ದ ಹಳದಿ ಆ ದ್ವೀಪದ ಎದುರಿಗೆ ಬಂದು, ಸುತ್ತಿ, ಹಿಂದಕ್ಕೆ ಹೋಯಿತು. ಆಟ ಮುಗಿಯಲೂ ಇಲ್ಲ, ಮುಂದುವರಿಯಲೂ ಇಲ್ಲ. ಹಿಂದೆ ಜೆರಾಕ್ಸಿನವರು ಸಾಲು ನಿಂತಿದ್ದರಿಂದ ಎದ್ದರು.

ಅಭಿಪ್ರಾಯ: “ಮಿಕ್ಕೋರು ಹೊಡೆದಾಡ್ಕೊಂಡು ಹೋಗ್ಲಿ ಅಂತ ಮನೇಲಿ ಮೂವತ್ತು ವರ್ಷ ಹಿಂಗೇ ಕೂತಿದೀನಿ ಕಣೇ ಭಾನು. ಇಲ್ಲಿ ಅದಕ್ಕೆ ಸೈನಿಕರನ್ನಾದ್ರೂ ಕೊಡ್ತಾರೆ.” ಆಟ ಇರಬೇಕು ಎಂದು ಬರೆದು ಸಹಿ ಹಾಕಿದ್ದಾರೆ.

4. ಶ್ರೀ ಹೇಮಂತ್, ಬಿ.ಕಾಂ. ಆಟದ ಸಿ.ಡಿ. ತಂದುಕೊಟ್ಟವರು ಇವರೇ. “ತುಂಬಾ ಚೈಲ್ಡಿಶ್ ಕಣೇ, ಗ್ರಾಫಿಕ್ಸೇ ಇಲ್ಲ” ಎಂಬುದು ಇವರ ಅಭಿಪ್ರಾಯ. ಹನ್ನೊಂದು ನಿಮಿಷದಲ್ಲಿ ಸೋತರು. ಮೌಸ್ ಸರಿಯಿಲ್ಲ ಎಂದರು. ನಾನು ಮೌಸ್ ತಿರುಗಿಸಿ, ಒಳಗಿನ ಗುಂಡು ತೆಗೆದು ಒರೆಸಿ, ಮತ್ತೆ ಹಾಕಿಕೊಟ್ಟೆ. ಒಂಬತ್ತು ನಿಮಿಷದಲ್ಲಿ ಸೋತರು.

5. ತಾವು.

ಸುತ್ತೋಲೆಯಲ್ಲಿ ‘ಆಡುವವರೆಲ್ಲರ’ ಎಂದಿರುವುದರಿಂದ ತಮ್ಮ ಅಭಿಪ್ರಾಯವನ್ನು ಬಿಟ್ಟರೆ ವರದಿ ಅಪೂರ್ಣವಾಗುತ್ತದೆ. ತಾವು ದಿನವೂ ಎರಡೂವರೆಯಿಂದ ಮೂರೂವರೆಯವರೆಗೆ ‘ಕಡತ ಪರಿಶೀಲನೆಯಲ್ಲಿದ್ದೇನೆ’ ಎಂಬ ಬೋರ್ಡು ತಗುಲಿಹಾಕಿ ಕೆಂಪು ಬಣ್ಣದಲ್ಲಿ ಆಡುತ್ತೀರಿ. ಅಭಿಪ್ರಾಯವನ್ನು ಲಿಖಿತವಾಗಿ ಕೊಟ್ಟಿಲ್ಲವಾದರೂ ಪ್ಲೈವುಡ್ ಕಾಲಿಂಚಿನದು. ತಮ್ಮ ಅಭಿಪ್ರಾಯದ ಸಾರಾಂಶ: ಹಳದಿ ಪರವಾಗಿಲ್ಲ, ಹಸಿರು ದಡ್ಡ, ನೀಲಿ ಮಾತ್ರ ಮೋಸಗಾರ, ತಾವು ಮನಸ್ಸಿನಲ್ಲಿ ಅಂದುಕೊಳ್ಳುವುದು ನೀಲಿಗೆ ಮೊದಲೇ ಗೊತ್ತಾಗುತ್ತದೆ, ಹಾಗೆ ಗೊತ್ತಾಗಬೇಕಾದರೆ ಕಂಪ್ಯೂಟರ್ ಒಳಗಿಂದೊಳಗೇ ಕದ್ದು ನೋಡುತ್ತಿದೆ, ಆದ್ದರಿಂದ ಆಟವನ್ನು ತೆಗೆಯತಕ್ಕದ್ದು.

ಈ ಸಂಬಂಧ ತಮ್ಮ ಗಮನಕ್ಕೆ ತರುವುದೇನೆಂದರೆ, ಕಂಪ್ಯೂಟರ್ ಮೋಸ ಮಾಡುತ್ತಿಲ್ಲ. ನೀಲಿ ನಾನು.

ಇದು ಹೇಗಾಯಿತೆಂದರೆ: ಆಗಸ್ಟ್ 2ನೇ ತಾರೀಖು ನಾನು ಯಾರದೋ ಅರ್ಜಿ ಟೈಪು ಮಾಡುತ್ತಿರುವಾಗ ಪರದೆಯ ಮೇಲೆ ಒಂದು ಪೆಟ್ಟಿಗೆ ಎದ್ದಿತು. ಇಂಗ್ಲಿಷಿನಲ್ಲಿ ಏನೋ ಕೇಳಿತು. ‘ಪರದೆಯ ಮೇಲೆ ಯಾವುದೇ ಪೆಟ್ಟಿಗೆ ಬಂದರೂ ನನ್ನನ್ನು ಕರೆಯದೆ ಓಕೆ ಒತ್ತತಕ್ಕದ್ದು’ ಎಂಬುದು ತಮ್ಮ ಸುತ್ತೋಲೆ ಸಂಖ್ಯೆ 4. ಒತ್ತಿದೆ. ತಾವು ಆಚೆ ಬದಿ ಶುರು ಮಾಡಿದ್ದ ಆಟದ ಭೂಪಟ ಬಂತು. ನಾನು ನೀಲಿಯಾಗಿದ್ದೆ. ಅದೇ ಹೊತ್ತಿಗೆ ಇನ್ನೊಬ್ಬರು ಸೇರುತ್ತಿದ್ದಾರೆ, ಆಗಬಹುದೇ ಎಂಬ ಪೆಟ್ಟಿಗೆ ತಮ್ಮ ಯಂತ್ರದಲ್ಲೂ ಬರುತ್ತದೆ. ಸುತ್ತೋಲೆ 4ನ್ನು ತಾವೂ ತಪ್ಪದೆ ಪಾಲಿಸುತ್ತಿರುವ ಕಾರಣ ಯಾವ ತೊಡಕೂ ಆಗಲಿಲ್ಲ.

ಮೊದಲ ದಿನ ಆರು ನಿಮಿಷದಲ್ಲಿ ಸೋತೆ. ಎರಡನೇ ದಿನವೂ ಪೆಟ್ಟಿಗೆ ಬಂತು, ಸೋತೆ. ಮೂರನೇ ದಿನದಿಂದ ನಾನು ನೋಡತೊಡಗಿದೆ. ನಾನು ಬೇರೆ ಏನೂ ಕಲಿತಿಲ್ಲದಿದ್ದರೂ ನೋಡುವುದನ್ನು ಕಲಿತಿದ್ದೇನೆ.

ತಾವು ಮೊದಲು ಆಸ್ಟ್ರೇಲಿಯಾ ಹಿಡಿಯುತ್ತೀರಿ. ಅದಕ್ಕೆ ಒಂದೇ ಬಾಗಿಲು, ಇಂಡೋನೇಷ್ಯಾ. ಛಾಪಾ ಕಾಗದವನ್ನೆಲ್ಲ ಬೀರುವಿನ ಒಳಖಾನೆಯಲ್ಲಿಡುವ ಹಾಗೆ ಸೈನ್ಯವನ್ನೆಲ್ಲ ಅಲ್ಲೇ ಇಡುತ್ತೀರಿ. ಯಾವ ದೇಶ ಬಿಟ್ಟು ಹೊರಟರೂ ಚಾರ್ಜು ವಹಿಸಿಕೊಡಲೆಂಬಂತೆ ಒಬ್ಬನನ್ನು ಬಿಟ್ಟು ಹೋಗುತ್ತೀರಿ. ಆ ಒಬ್ಬನನ್ನು ಗೆಲ್ಲಲು ನನಗೆ ಇಬ್ಬರು ಸಾಕು. ದಾಳಿಗೆ ಮುಂಚೆ ಕನ್ನಡಕ ತೆಗೆದು ಒರೆಸುತ್ತೀರಿ. ಕನ್ನಡಕದ ಡಬ್ಬಿ ಮುಚ್ಚಿದ ಸದ್ದು ಈ ಬದಿಗೆ ಕೇಳುತ್ತದೆ. ಅಲ್ಲಿಂದ ಹತ್ತು ಎಣಿಸುವುದರೊಳಗೆ ದಂಡು ಹೊರಡುತ್ತದೆ. ಕುರ್ಚಿ ಮುಂದಕ್ಕೆ ಕಿರ್ರೆಂದರೆ ಏಷ್ಯಾ, ಕಿರ್ರೆನ್ನದಿದ್ದರೆ ಅಮೆರಿಕ. ಇದು ಮೋಸವೋ ಅಲ್ಲವೋ ಎಂಬುದನ್ನು ತಮ್ಮ ತೀರ್ಮಾನಕ್ಕೆ ಬಿಟ್ಟಿದ್ದೇನೆ. ಗೋಡೆ ಹಾಕಿಸಿದವರು ತಾವು.

ಆಗಸ್ಟ್ 2ರಿಂದ ನಿನ್ನೆಯವರೆಗೆ ಐವತ್ತಮೂರು ಆಟ. ಮೊದಲೆರಡು ಸೋಲು ಬಿಟ್ಟು, ಕರೆಂಟು ಹೋದ ನಾಲ್ಕನ್ನೂ ಬಿಟ್ಟು, ನೀಲಿ ಗೆದ್ದದ್ದು ನಲವತ್ತಾರು. ಆ ಒಂದು ಗಂಟೆಯಲ್ಲಿ ಕೌಂಟರಿನ ಕೆಲಸ ಒಂದು ದಿನವೂ ನಿಂತಿಲ್ಲ. ಯುರೋಪನ್ನು ಕಾಯುತ್ತಲೇ ಹಿಂದೆ ಮುಂದೆ ಜೆರಾಕ್ಸ್ ತೆಗೆದಿದ್ದೇನೆ, ಲ್ಯಾಮಿನೇಷನ್ ಮಾಡಿದ್ದೇನೆ. ಒಂದೇ ಒಂದು ಅರ್ಜಿಯಲ್ಲಿ ಗ್ರಾಮದ ಹೆಸರು ಇರಬೇಕಾದ ಕಡೆ ‘ಬ್ರೆಜಿಲ್’ ಎಂದು ಬಿದ್ದಿತ್ತು. ಅರ್ಜಿದಾರರು ನೋಡದೆ ಒಯ್ದರು. ಅವರ ಕೆಲಸ ಆಯಿತೆಂದು ತಿಳಿದುಬಂದಿದೆ.

ಲೆಕ್ಕದಲ್ಲಿ ಇನ್ನೊಂದು ಆಟ ಉಳಿಯಿತು. ಸೆಪ್ಟೆಂಬರ್ 14. ತಾವು ಡಾಕ್ಟರ ಬಳಿ ಹೋಗಿ ಬಂದು, ಬಿ.ಪಿ. ಇದೆಯಂತೆ, ಜೋರಾಗಿ ಮಾತಾಡಬಾರದಂತೆ ಎಂದು ಫೋನಿನಲ್ಲಿ ಜೋರಾಗಿ ಹೇಳುತ್ತಿದ್ದಿರಿ. ಅಂದು ನೀಲಿಯವರು ಇಂಡೋನೇಷ್ಯಾದಲ್ಲಿ ಒಬ್ಬನನ್ನೂ ನಿಲ್ಲಿಸಿರಲಿಲ್ಲ. ತಾವು ಗೆದ್ದು ಹೊರಗೆ ಬಂದು ಎರಡು ಕಾಫಿ ಹೇಳಿದಿರಿ. ಎರಡನೆಯದು ನನಗೆ. ನಿಮ್ಮೂರು ಯಾವುದಮ್ಮ ಎಂದು ಮೊದಲ ಸಲ ಕೇಳಿದಿರಿ. ನಾನು ಹೇಳಿದೆ. ಆ ದಿನದ ಫಲಿತಾಂಶವನ್ನು ಮರುಪರಿಶೀಲನೆಗೆ ಒಳಪಡಿಸಬೇಕೆಂದು ನಾನು ಕೇಳುತ್ತಿಲ್ಲ.

ಇನ್ನು ಉಲ್ಲೇಖ 3. ಅಕ್ಟೋಬರ್ 7ರಂದು ಸೋತು ಹೊರಗೆ ಬಂದ ತಾವು ಕೌಂಟರಿಗೆ ಒರಗಿ ನಿಂತು ಹೇಳಿದ್ದು: “ಈ ನೀಲಿ ಇದೆಯಲ್ಲ, ಯಾರೋ ಭಾರಿ ಓದಿದೋನು ಕೂತು ಮಾಡಿರೋ ಪ್ರೋಗ್ರಾಮ್ ಕಣಮ್ಮ. ಅಂಥಾ ತಲೆ ಇನ್ನೊಂದು ನಾನು ನೋಡಿಲ್ಲ. ನಿಂಗೆಲ್ಲಿ ತಿಳೀಬೇಕು ಬಿಡು, ಎಂಟನೇ ಕ್ಲಾಸಿಗೇ ಬಿಟ್ಟೋಳು.”

ನಾನು “ಹೂಂ ಸಾರ್” ಎಂದೆ. ಎಂಟನೇ ಕ್ಲಾಸಿನ ಬಗ್ಗೆ ಕಡತದಲ್ಲಿ ವಿವರವಿಲ್ಲದ ಕಾರಣ ಈಗ ಸಲ್ಲಿಸುತ್ತಿದ್ದೇನೆ. ನಮ್ಮವ್ವ ಕೆಂಚಮ್ಮ ಕೊಟ್ಟಿಗೆಯಲ್ಲಿ ಜಾರಿ ಬಿದ್ದು ಬಲಗೈ ಮುರಿದುಕೊಂಡಾಗ ಮನೆ ಕೆಲಸಕ್ಕೆಂದು ನನ್ನನ್ನು ಬಿಡಿಸಿದರು. ಕೈ ಮೂರು ತಿಂಗಳಲ್ಲಿ ಕೂಡಿತು. ನನ್ನನ್ನು ಮತ್ತೆ ಸೇರಿಸಬೇಕೆಂಬುದು ಯಾರಿಗೂ ನೆನಪಾಗಲಿಲ್ಲ. ನಾನೂ ಕೇಳಲಿಲ್ಲ. ಆಗ ನನಗೆ ಅರ್ಜಿ ಬರೆಯಲು ಬರುತ್ತಿರಲಿಲ್ಲ.

ಕಾರಣ, ಆಟವನ್ನು ತೆಗೆದರೆ ನನಗೆ ಆಗುವ ನಷ್ಟ ಇಷ್ಟು: ತಾವು ಮೆಚ್ಚಿದ ಆ ತಲೆ ಯಾರದೆಂಬುದಕ್ಕೆ ಇರುವ ಒಂದೇ ಸಾಕ್ಷಿ ಅಳಿಸಿಹೋಗುತ್ತದೆ. ಹೇಮಂತ್ ಹಳೇಬೀಡಿನ ಕುರ್ಚಿಯಲ್ಲಿ ಕೂರುತ್ತಾರೆ. ನಾನು ಇಲ್ಲಿ ಕಿಟಕಿ ಪರದೆಗೆ ಕಾಯುತ್ತಿರುತ್ತೇನೆ.

ಉಸ್ತುವಾರಿಗೆ ಬಾಯಿ ಬೇಕು ಎಂದು ತಾವು ಹೇಳಬಹುದು. ನಿಜ. ಆದರೆ ಮಾತಾಡದವರ ಮುಂದೆ ಜನ ತಮ್ಮ ಕೆಲಸವನ್ನು ತಾವೇ ಪೂರ್ತಿ ಹೇಳಿಬಿಡುತ್ತಾರೆ. ಹೇಮಂತ್ ಇರುವ ಶನಿವಾರಗಳಲ್ಲಿ ಜನ ಹೇಳಲು ಬಂದದ್ದು ಅರ್ಧಕ್ಕೇ ನಿಲ್ಲುತ್ತದೆ. ದೇವಸ್ಥಾನ ನೋಡಲು ಬರುವ ಪರದೇಶದವರ ಭಾಷೆ ನನಗೆ ಬಾರದು. ಅವರ ದೇಶ ಎಲ್ಲಿದೆ, ಯಾವ ಕಡೆಯಿಂದ ಅದರೊಳಗೆ ಹೋಗಬಹುದು ಎಂಬುದು ಗೊತ್ತು. ವಾಸಕ್ಕೆ ಹಳೇಬೀಡಿನ ಪಕ್ಕದ ಹುಲಿಕೆರೆಯಲ್ಲಿ ಚಿಕ್ಕಮ್ಮ ಸಣ್ಣತಾಯಮ್ಮನ ಮನೆಯಿದೆ. ಅಪ್ಪನ ಒಪ್ಪಿಗೆಗೆ ಪ್ರತ್ಯೇಕ ಅರ್ಜಿ ಸಲ್ಲಿಸಲಾಗಿತ್ತು. ಅಪ್ಪ ಅದನ್ನು ಓದಿ ಹೇಳಲು ಅನುಸೂಯಮ್ಮನವರಿಗೆ ಕೊಟ್ಟರು. ಅವರು ಓದಿದ ಮೇಲೆ, “ಮಗಳು ಇಷ್ಟೊಂದು ಮಾತಾಡ್ತಾಳೆ ಅಂತ ನಂಗೆ ಗೊತ್ತೇ ಇರ್ಲಿಲ್ಲ” ಎಂದು ಹೇಳಿ ಅಪ್ಪ ಸಹಿ ಹಾಕಿದರು.

ಆದ್ದರಿಂದ ತಮ್ಮಲ್ಲಿ ಕೋರುವುದೇನೆಂದರೆ:

ಅ) ನಕ್ಷೆ ಆಟವನ್ನು ತೆಗೆಯಬಾರದು.

ಆ) ಪಿಯುಸಿ ಎಂಬುದನ್ನು ಸಡಿಲಿಸಿ ಹಳೇಬೀಡು ಶಾಖೆಯ ಉಸ್ತುವಾರಿಯನ್ನು ನನಗೆ ಕೊಡಬೇಕು.

ಇ) ಅನುಮಾನವಿದ್ದಲ್ಲಿ ನನ್ನನ್ನೂ ಹೇಮಂತ್ ಅವರನ್ನೂ ತಮ್ಮ ಸಮಕ್ಷಮ ಎರಡು ಯಂತ್ರಗಳಲ್ಲಿ ಕೂರಿಸಿ ಪರೀಕ್ಷಿಸಬಹುದು. ಅವರಿಗೆ ಹೊಸ ಮೌಸ್ ಕೊಡಿಸಲು ನನ್ನ ಆಕ್ಷೇಪಣೆಯಿಲ್ಲ.

ಇಷ್ಟೆಲ್ಲ ಓದಿದ ಮೇಲೂ ತಮ್ಮ ನಂಬಿಕೆಗೆ ತಕ್ಕವಳೆಂದು ನಂಬಿರುವ,

ಭಾನುಪ್ರಿಯಾ ಹೆಚ್.ಆರ್.
(ನೀಲಿ)

ಅಡಕಗಳು:
1. ಅಭಿಪ್ರಾಯಗಳು, ನಾಲ್ಕು ಹಾಳೆ. ಅನುಸೂಯಮ್ಮನವರದು ಬಾಲವಾಡಿ ಹಾಜರಿ ಪಟ್ಟಿಯ ಹಿಂಬದಿ ಇದೆ. ಓದಿದ ಮೇಲೆ ವಾಪಸು ಬೇಕಂತೆ.
2. ಆಟ ಮುಗಿದಾಗಿನ ಪರದೆಯ ಪ್ರಿಂಟು, ಆರು. ಪ್ರಿಂಟರ್ ಕಪ್ಪು ಬಿಳುಪಿನದಾದ್ದರಿಂದ ನೀಲಿ ಕಪ್ಪಾಗಿ ಬಂದಿದೆ. ಕೆಂಪು ಯಾವುದರಲ್ಲೂ ಇಲ್ಲ. ಅದು ಪ್ರಿಂಟರಿನ ದೋಷವಲ್ಲ.
3. ಅಪ್ಪನ ಒಪ್ಪಿಗೆ ಪತ್ರ.
4. ಏಳನೇ ತರಗತಿಯ ಅಂಕಪಟ್ಟಿ. ಸಮಾಜ ವಿಜ್ಞಾನದ ಕೆಳಗೆ ಗೆರೆ ಎಳೆದಿದ್ದೇನೆ.

ವಿಶೇಷ ಸೂಚನೆ: ಇದನ್ನು ಓದಿ ತಾವು ನನ್ನನ್ನು ಒಳಗೆ ಕರೆದು ಕೇಳಬಾರದೆಂದು ಕೋರಿಕೆ. ಎದುರಿಗೆ ನಿಲ್ಲಿಸಿ ಕೇಳಿದರೆ ಇದರಲ್ಲಿರುವುದೆಲ್ಲ ಸುಳ್ಳೆಂದು ನಾನೇ ಒಪ್ಪಿಕೊಂಡುಬಿಡುವ ಸಂಭವವಿದೆ. ಅದನ್ನು ದಾಖಲೆಗೆ ತೆಗೆದುಕೊಳ್ಳಬಾರದು. ಇಂದು ಆಟ ಶುರುವಾಗಿ ಐದು ನಿಮಿಷದವರೆಗೆ ಕೆಂಪಿನವರು ನನ್ನ ಗಡಿಗೆ ಬಾರದಿದ್ದಲ್ಲಿ ಹಳೇಬೀಡಿಗೆ ಆದೇಶವಾಯಿತೆಂದು ತಿಳಿದುಕೊಳ್ಳುತ್ತೇನೆ; ಬೀಗದ ಕೈಯನ್ನು ಗೋಡೆಯ ಮೇಲಿನಿಂದ ಈ ಬದಿಗೆ ಕೊಟ್ಟರೆ ಸಾಕು. ಬಂದಲ್ಲಿ, ಕನಿಷ್ಠ ಹತ್ತು ನಿಮಿಷವಾದರೂ ತಾವು ಉಳಿಯುವ ಹಾಗೆ ನೋಡಿಕೊಳ್ಳಲು ಅನುಮತಿ ನೀಡಬೇಕಾಗಿ ಪ್ರಾರ್ಥನೆ.